ಮೊಸಳೆಗೆಂದು ಉಳಿಸಿದ ಕಾಡು

1999ರ ಅಕ್ಟೋಬರ್ 29ರಂದು ಒಡಿಶಾ ಕರಾವಳಿಗೆ ಬಂದ ಸೂಪರ್ ಸೈಕ್ಲೋನ್ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಗಾಳಿಗಿಂತ ಜಾಸ್ತಿ ಜೀವ ತೆಗೆದದ್ದು ಊರೊಳಗೆ ನುಗ್ಗಿದ ಸಮುದ್ರದ ನೀರು.

ಆಮೇಲೆ ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು ಅದೇ ಕರಾವಳಿಯ ಭಿತರ್ಕನಿಕಾ ಕಾಡಿನ ಸುತ್ತಲಿನ ಮೂರು ಹಳ್ಳಿಗಳಲ್ಲಿ ಮನೆಮನೆಯ ನಷ್ಟದ ಲೆಕ್ಕ ಹಾಕಿದರು. ಒಂದು ಹಳ್ಳಿಗೆ ಕಾಂಡ್ಲಾ ಕಾಡಿನ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ, ಮರೆ ಇತ್ತು. ಇನ್ನೊಂದಕ್ಕೆ ಕಾಡಿಲ್ಲ, ಒಡ್ಡು ಇತ್ತು. ಮೂರನೆಯದಕ್ಕೆ ಎರಡೂ ಇರಲಿಲ್ಲ. ಕಾಡಿನ ಮರೆಯ ಹಳ್ಳಿಯಲ್ಲಿ ಮನೆಯೊಂದಕ್ಕೆ ಆದ ನಷ್ಟ ಸುಮಾರು 33 ಡಾಲರ್. ಏನೂ ಇಲ್ಲದ ಹಳ್ಳಿಯಲ್ಲಿ 44. ಒಡ್ಡು ಇದ್ದ ಹಳ್ಳಿಯಲ್ಲಿ 154!

ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ. ಕಾರಣ ತಿಳಿದ ಮೇಲೆ ಸರಿಯೆನಿಸಿತು. ಸಮುದ್ರ ಒಡ್ಡನ್ನು ಒಡೆದು ಒಳಬಂತು. ಉಬ್ಬರ ಇಳಿದರೂ ಉಳಿದ ಒಡ್ಡು ನೀರನ್ನು ಹೊರಗೆ ಬಿಡಲಿಲ್ಲ. ಉಪ್ಪುನೀರು ಗದ್ದೆಯಲ್ಲೇ ನಿಂತಿತು. ಕಾಂಡ್ಲಾ ಹಾಗಲ್ಲ. ಅದು ನೀರನ್ನು ತಡೆದು ನಿಲ್ಲಿಸುವುದಿಲ್ಲ, ಬೇರು ಕಾಂಡಗಳ ನಡುವೆ ಹರಿಯಬಿಟ್ಟು ಅದರ ವೇಗ ಇಳಿಸುತ್ತದೆ. 100 ಮೀಟರ್ ಅಗಲದ ಕಾಂಡ್ಲಾ ಅಲೆಯ ಎತ್ತರವನ್ನು ಶೇ 13ರಿಂದ 66ರಷ್ಟು ತಗ್ಗಿಸಬಲ್ಲದು. ಆದರೆ ಚಂಡಮಾರುತ ತಳ್ಳಿಕೊಂಡು ಬರುವ ನೀರಿನ ಮಟ್ಟ ಇಳಿಯಲು ಅಷ್ಟು ಸಾಲದು. ಒಂದು ಕಿಲೋಮೀಟರ್ ಕಾಡು ದಾಟಿದರೂ ಅದು ಇಳಿಯುವುದು 5ರಿಂದ 50 ಸೆಂಟಿಮೀಟರ್ ಮಾತ್ರ. ಅಂದರೆ ಕಾಡು ಇದ್ದರೆ ಸಾಲದು, ಅಗಲವಾಗಿ ಇರಬೇಕು.

ಆ ಅಗಲವೇ ಹೋಗಿತ್ತು. ಭಿತರ್ಕನಿಕಾ ಕಾಡುಗಳು ಮೊದಲು ಕನಿಕಾ ಜಮೀನ್ದಾರರ ಕೈಯಲ್ಲಿದ್ದವು. 1952ರಲ್ಲಿ ಜಮೀನ್ದಾರಿ ರದ್ದಾಗಿ ಸರ್ಕಾರಕ್ಕೆ ಬಂದವು. ಮುಂದೆ ಭತ್ತದ ಗದ್ದೆಗಾಗಿ, ಸೌದೆಗಾಗಿ, ಆಮೇಲೆ ಸಿಗಡಿ ಹೊಂಡಗಳಿಗಾಗಿ ಕರಾವಳಿಯ ಕಾಡು ಕರಗುತ್ತಾ ಬಂತು. ಪಾರಾದೀಪ್ ಬಂದರಿನ ಸುತ್ತಮುತ್ತ ಇದ್ದ ಕಾಂಡ್ಲಾ ಬಹುಮಟ್ಟಿಗೆ ಹೋಯಿತು. ಭಿತರ್ಕನಿಕಾ ಇರುವ ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳಿಗೂ ಸಮುದ್ರಕ್ಕೂ ನಡುವೆ 1944ರಲ್ಲಿ ಸರಾಸರಿ 5 ಕಿಲೋಮೀಟರ್ ಅಗಲ ಇದ್ದ ಕಾಡು, 1999ರ ಹೊತ್ತಿಗೆ ಸುಮಾರು 1.2 ಕಿಲೋಮೀಟರ್‌ಗೆ ಇಳಿದಿತ್ತು.

ಅಷ್ಟಾದರೂ ಉಳಿದದ್ದು ಹೇಗೆ? ಉಪ್ಪುನೀರಿನ ಮೊಸಳೆಯಿಂದ. ಅದು ಅಳಿವಿನಂಚಿನಲ್ಲಿದ್ದಾಗ, 1975ರಲ್ಲಿ ಭಿತರ್ಕನಿಕಾವನ್ನು ಅಭಯಾರಣ್ಯ ಮಾಡಿದರು, ಮೊಸಳೆ ಸಂರಕ್ಷಣೆ ಯೋಜನೆಯೂ ಶುರುವಾಯಿತು. ಮೊಸಳೆಗೆಂದು ಕಾದ ಕಾಡು 24 ವರ್ಷಗಳ ನಂತರ ಮನುಷ್ಯರನ್ನು ಕಾಯಿತು. ನೂರಾರು ಹಳ್ಳಿಗಳ ಸಾವಿನ ಲೆಕ್ಕ ತೆಗೆದ 2009ರ ಒಂದು ಅಧ್ಯಯನ ಇದನ್ನು ಖಚಿತಪಡಿಸಿತು. ಅಗಲ ಕಾಡಿನ ಹಿಂದಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಕಾಂಡ್ಲಾ ಉಳಿಸಿದ್ದಕ್ಕಿಂತ ಹೆಚ್ಚು ಜೀವ ಉಳಿಸಿದ್ದು ಸರ್ಕಾರದ ಮುನ್ಸೂಚನೆ. ಕಾಡನ್ನು ಪ್ರೀತಿಸುವ ನಾವು ಇದನ್ನು ಮುಚ್ಚಿಡಬಾರದು. ಎರಡೂ ಬೇಕು, ಅಲ್ವಾ?

2024ರ ಅಕ್ಟೋಬರ್‌ನಲ್ಲಿ ದಾನಾ ಚಂಡಮಾರುತ ದಡಕ್ಕೆ ಬಂದದ್ದು ಭಿತರ್ಕನಿಕಾ ಮತ್ತು ಧಾಮ್ರಾ ನಡುವೆಯೇ. ಅಷ್ಟರಲ್ಲಿ ಒಡಿಶಾ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸುವುದನ್ನು ಕಲಿತಿತ್ತು. ಕಾಡೂ ಅಲ್ಲೇ ನಿಂತಿತ್ತು.

ನಮ್ಮಲ್ಲಿ ಕಾಂಡ್ಲಾ ತೀರಾ ಕಡಿಮೆ. 2021ರ ಅರಣ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿರುವುದು ಬರೀ 13 ಚದರ ಕಿಲೋಮೀಟರ್, ಅದೂ ಹೆಚ್ಚಾಗಿ ಕುಂದಾಪುರ, ಹೊನ್ನಾವರ, ಕುಮಟಾ ಕಡೆಯ ಅಳಿವೆಗಳಲ್ಲಿ. ತೆರೆದ ಕಡಲ ದಡದಲ್ಲಿ ಕೊರೆತ ಬಂದಲ್ಲೆಲ್ಲ ನಾವು ಕಲ್ಲು ಸುರಿಯುತ್ತೇವೆ. ಅಲ್ಲಿ ಕಾಂಡ್ಲಾ ಬೆಳೆಯುವುದಿಲ್ಲ ನಿಜ, ಆದರೆ ಅಳಿವೆಯ ಒಳಗೆ ಬೆಳೆಯುತ್ತದೆ. ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ, ಅಳಿವೆಯಂಚಿನ ಗಜನಿ ಗದ್ದೆಗಳ ಕಟ್ಟೆಯ ಹೊರಗೆ ಕಾಂಡ್ಲಾ ನಿಂತರೆ ಮಣ್ಣು ಕೊಚ್ಚಿ ಹೋಗುವುದು ಕಡಿಮೆಯಾಗುತ್ತದೆ.

ಈಗ ಕಾಂಡ್ಲಾ ಬೆಳೆಸಲೆಂದೇ ಇರುವ ಕೇಂದ್ರದ ಮಿಷ್ಟಿ ಯೋಜನೆಯಲ್ಲಿ ಹೊಸ ಸಸಿ ನೆಡುವ ಕೆಲಸ ನಡೆದಿದೆ. ಸಸಿ ನೆಡಲಿ, ಸಂತೋಷ. ಆದರೆ ಇವತ್ತು ನೆಟ್ಟ ಸಸಿ ನಾಳಿನ ಚಂಡಮಾರುತವನ್ನು ತಡೆಯುವುದಿಲ್ಲ. ಆ ಕೆಲಸಕ್ಕೆ ಸದ್ಯ ನಮ್ಮ ಬಳಿ ಇರುವುದು ಈಗಾಗಲೇ ನಿಂತಿರುವ ಕಾಡು ಮಾತ್ರ.