ಗಾಮಾ ನೈಫ್ ಆಗಿ ಒಂದೂವರೆ ವರ್ಷದ ಮೇಲೆ ಕೆನ್ನೆ ಮರಗಟ್ಟಿದ್ದು ಯಾಕೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರದ ಹಳ್ಳಿ. ಅಮ್ಮನಿಗೆ 64 ವರ್ಷ. ಬಲಗೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು ಬರುತ್ತಿತ್ತು. ಒಂದೂವರೆ ವರ್ಷದ ಹಿಂದೆ ಬೆಂಗಳೂರಿನಲ್ಲಿ ಗಾಮಾ ನೈಫ್ ಎಂಬ ರೇಡಿಯೇಷನ್ ಚಿಕಿತ್ಸೆ ಮಾಡಿಸಿದೆವು. ಎರಡು ತಿಂಗಳಲ್ಲಿ ನೋವು ನಿಂತಿತು. ಈಗ ಅದೇ ಕೆನ್ನೆ, ತುಟಿ ಜೋಮು ಹಿಡಿದಂತಿದೆ, ಇರುವೆ ಹರಿದ ಹಾಗಾಗುತ್ತದೆ ಎನ್ನುತ್ತಾರೆ. ಇಷ್ಟು ದಿನ ಆದ ಮೇಲೂ ರೇಡಿಯೇಷನ್‌ನಿಂದ ಹೀಗಾಗುತ್ತದಾ? ಮೈಯಲ್ಲಿ ಅದು ಇನ್ನೂ ಉಳಿದಿದೆಯೇನೋ ಎಂದು ಮೊಮ್ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಾರೆ.

ಉತ್ತರ: ಹೌದು, ಆಗುತ್ತದೆ. ಮುಖದ ನೋವಿಗೆ ಮಾಡುವ ಗಾಮಾ ನೈಫ್‌ನಲ್ಲಿ ಹೆಚ್ಚಾಗಿ ಕಾಣುವ ತಡವಾದ ತೊಂದರೆಯೇ ಇದು. ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ಶುರುವಾಗುತ್ತದೆ. ಹೆಚ್ಚಿನವರಲ್ಲಿ ಹಗುರವಾಗಿಯೇ ಇರುತ್ತದೆ. ಆದರೆ ಇಲ್ಲಿ ಕಣ್ಣಿನ ವಿಷಯ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ, ದಯವಿಟ್ಟು ಅದನ್ನು ಓದದೆ ಬಿಡಬೇಡಿ.

ನನ್ನ ಚಿಕ್ಕಮ್ಮನಿಗೂ ಈ ನೋವಿತ್ತು. ಮಳೆಗಾಲದಲ್ಲಿ ಬಾಗಿಲು ತೆರೆದು ಥಂಡಿ ಗಾಳಿ ಕೆನ್ನೆಗೆ ತಾಗಿದರೆ ಸಾಕು, ಕೂಗಿಕೊಳ್ಳುತ್ತಿದ್ದರು. ಹಲ್ಲುನೋವೆಂದು ಎರಡು ದವಡೆ ಹಲ್ಲು ಕೀಳಿಸಿದ ಮೇಲೆ ಗೊತ್ತಾಯಿತು, ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ಸ್ಪರ್ಶ ಹೊರುವ ಐದನೇ ನರದ ನೋವು ಎಂದು. ಹಾಗಾಗಿ ನಿಮ್ಮ ಅಮ್ಮ ಎಷ್ಟು ಅನುಭವಿಸಿರಬಹುದು ಎಂಬ ಅಂದಾಜು ನನಗಿದೆ.

ಗಾಮಾ ನೈಫ್ ಎಂಬ ಹೆಸರಲ್ಲಿ ಚಾಕು ಇದ್ದರೂ ಕೊಯ್ಯುವುದು ಏನೂ ಇಲ್ಲ. ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲಿ ಹೀಗೆ ಕೊಯ್ಯದೆ ಕಿರಣದಿಂದ ಮಾಡುವ ಚಿಕಿತ್ಸೆಗೆ ರೇಡಿಯೋಸರ್ಜರಿ ಎಂದು ಹೆಸರಿಟ್ಟರು. ಈಗಿನ ಯಂತ್ರದಲ್ಲಿ 192 ಕಡೆಯಿಂದ ಕೋಬಾಲ್ಟ್ 60ರ ಸಣ್ಣ ಕಿರಣಗಳು ಬಂದು ಒಂದೇ ಬಿಂದುವಿನಲ್ಲಿ ಸೇರುತ್ತವೆ. ಒಂದೊಂದೇ ಕಿರಣಕ್ಕೆ ಹೇಳಿಕೊಳ್ಳುವಂಥ ಶಕ್ತಿ ಇಲ್ಲ. ಎಲ್ಲ ಸೇರುವ ಕಡೆ ಮಾತ್ರ ಏಟು ಜೋರು. ಮುಖದ ನೋವಿಗಾದರೆ ಆ ಬಿಂದು ಐದನೇ ನರದ ಬುಡ, ಅಂದರೆ ಮಿದುಳು ಕಾಂಡದಿಂದ ಅದು ಹೊರಗೆ ಬರುವ ಜಾಗದ ಹತ್ತಿರ. ಅಲ್ಲಿ ಒಂದೇ ಸಲಕ್ಕೆ 70ರಿಂದ 90 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಕೊಡುತ್ತಾರೆ. ಕ್ಯಾನ್ಸರ್‌ಗೆ ದಿನಾ ಕೊಡುವ ರೇಡಿಯೇಷನ್ ಸಾಮಾನ್ಯವಾಗಿ 2 ಗ್ರೇ ಅಷ್ಟೇ. ಇದು ಎಷ್ಟು ದೊಡ್ಡ ಏಟು, ಎಷ್ಟು ಚಿಕ್ಕ ಜಾಗಕ್ಕೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಏಟಿನಿಂದ ನರ ಅವತ್ತೇ ಸಾಯುವುದಿಲ್ಲ. ಅದರ ಎಳೆಗಳು, ಮೇಲಿನ ಹೊದಿಕೆ, ಸುತ್ತಲಿನ ಸಣ್ಣ ರಕ್ತನಾಳಗಳು ನಿಧಾನಕ್ಕೆ ಬದಲಾಗುತ್ತಾ ಹೋಗುತ್ತವೆ. ಕಾಫಿ ತೋಟದವರಿಗೆ ಇದನ್ನು ಹೇಳುವುದು ಸುಲಭ. ಬಿಳಿ ಕಾಂಡಕೊರಕ ಅರೇಬಿಕಾ ಗಿಡ ಹೊಕ್ಕ ದಿನವೇ ಎಲೆ ಹಳದಿಯಾಗುವುದಿಲ್ಲ, ಅಲ್ವಾ? ಒಳಗಿನ ಕೆಲಸ ಹೊರಗೆ ಕಾಣಲು ತಿಂಗಳುಗಳು ಬೇಕು. ನಿಮ್ಮ ಅಮ್ಮನ ನೋವು ನಿಲ್ಲಲು ಎರಡು ತಿಂಗಳು ಹಿಡಿದದ್ದೂ ಅದಕ್ಕೇ. ನೋವಿನ ಸುದ್ದಿ ಹೊರುವ ಎಳೆಗಳು ಮೊದಲು ಸುಮ್ಮನಾದವು. ಬದಲಾವಣೆ ಅಲ್ಲಿಗೇ ನಿಲ್ಲದೆ ಇನ್ನಷ್ಟು ಮುಂದುವರಿದಾಗ ಮುಟ್ಟಿದ್ದು ತಿಳಿಸುವ ಎಳೆಗಳೂ ಮಂಕಾಗುತ್ತವೆ. ಹೀಗೆ ಮರಗಟ್ಟಿದವರಲ್ಲಿ ನೋವು ಜಾಸ್ತಿ ಕಾಲ ದೂರ ಇರುವುದನ್ನು ಹಲವು ವೈದ್ಯರು ಗಮನಿಸಿದ್ದಾರೆ. ಎರಡನೇ ಸಲ ಗಾಮಾ ನೈಫ್ ಮಾಡಿಸಿದರೆ ಜೋಮು ಬರುವ ಸಾಧ್ಯತೆ ಇನ್ನೂ ಹೆಚ್ಚು.

ಈಗ ಕಣ್ಣು. ಐದನೇ ನರಕ್ಕೆ ಮೂರು ಕವಲು. ಮೇಲಿನದು ಹಣೆಗೆ ಮತ್ತು ಕಣ್ಣಿಗೆ, ನಡುವಿನದು ಕೆನ್ನೆಗೆ, ಕೆಳಗಿನದು ದವಡೆಗೆ. ಮರಗಟ್ಟುವಿಕೆ ಮೇಲಿನ ಕವಲಿಗೂ ಬಂದರೆ ಕಣ್ಣಿನ ಕಪ್ಪುಭಾಗದ ಮೇಲಿನ ತೆಳು ಪೊರೆಗೆ, ಅಂದರೆ ಕಾರ್ನಿಯಾಗೆ, ಏನು ತಾಗಿದರೂ ತಿಳಿಯುವುದಿಲ್ಲ. ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಒಣಗುತ್ತದೆ. ಗಾಯವಾದರೂ ನೋಯುವುದಿಲ್ಲ, ಬೇಗ ಮಾಯುವುದೂ ಇಲ್ಲ. ಮೆಣಸು ಬಿಡಿಸುವಾಗಿನ ಧೂಳು, ಸೌದೆ ಒಲೆಯ ಹೊಗೆ, ಸ್ಕೂಟರ್ ಮೇಲೆ ಹೋಗುವಾಗ ಬೀಳುವ ಹುಳ, ತೋಟದಲ್ಲಿ ಕಣ್ಣಿಗೆ ತಗಲುವ ರೆಂಬೆ. ನಮ್ಮ ಕಡೆ ಕಣ್ಣಿಗೆ ಬೀಳುವ ವಸ್ತುಗಳಿಗೇನು ಕಮ್ಮಿ! ಬೇರೆಯವರಾದರೆ ಉರಿ ತಡೆಯದೆ ಕಣ್ಣು ತೊಳೆಯುತ್ತಾರೆ. ಇವರಿಗೆ ಉರಿಯೇ ಬರುವುದಿಲ್ಲ. ಆದ್ದರಿಂದ ಅಮ್ಮನ ಬಲಗಣ್ಣು ಕೆಂಪಾಗಿದ್ದು ನೋವಿಲ್ಲ ಎಂದರೆ ಸಮಾಧಾನ ಪಡಬೇಡಿ, ಅದೇ ಅಪಾಯದ ಗುರುತು. ದೃಷ್ಟಿ ಮಂಜಾದರೂ ಹಾಗೆಯೇ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ, ‘ಈ ಕಣ್ಣಿನ ಕಡೆಯ ನರಕ್ಕೆ ರೇಡಿಯೇಷನ್ ಆಗಿದೆ’ ಎಂದು ಮೊದಲೇ ಹೇಳಿ. ಈಗ ಏನೂ ಇಲ್ಲದಿದ್ದರೂ ಒಮ್ಮೆ ಕಾರ್ನಿಯಾದ ಸ್ಪರ್ಶ ಪರೀಕ್ಷೆ ಮಾಡಿಸಿ. ಐದು ನಿಮಿಷದ ಕೆಲಸ. ಹೊರಗೆ ಹೋಗುವಾಗ ಕನ್ನಡಕ ಇರಲಿ.

ಬಾಯಿಗೂ ಇದೇ ಮಾತು. ಕುದಿಯುವ ಕಾಫಿಯನ್ನು ಎಡಗಡೆಯಿಂದ ಗುಟುಕರಿಸಲಿ. ಬಲಗಡೆ ಸುಟ್ಟರೂ, ಕಡುಬಿನ ಜೊತೆ ಕೆನ್ನೆಯನ್ನೇ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಎರಡು ಗೊಂದಲ ಬಿಡಿಸಬೇಕು. ಮರಗಟ್ಟಿದ ಜಾಗದಲ್ಲೇ ಬಿಡದೆ ಉರಿಯುವ ನೋವು ಕೆಲವರಿಗೆ ಬರುತ್ತದೆ. ಅಪರೂಪ, ಆದರೆ ಬಹಳ ಹಿಂಸೆ ಕೊಡುವಂಥದ್ದು. ಹಳೆಯ ನೋವು ಮಿಂಚಿನ ಹಾಗೆ ಬಂದು ಹೋಗುತ್ತದೆ, ಇದು ದಿನವಿಡೀ ಕೆಂಡದ ಹಾಗೆ ಇರುತ್ತದೆ. ಇದಕ್ಕೆ ಔಷಧವೂ ಬೇರೆ. ಹಾಗಾಗಿ ಹಳೆಯ ನೋವಿಗೆ ಕೊಟ್ಟು ಮನೆಯಲ್ಲಿ ಉಳಿದ ಕಾರ್ಬಮಜೆಪಿನ್ ಮಾತ್ರೆಯನ್ನು ನೀವೇ ಹೆಚ್ಚು ಮಾಡಬೇಡಿ. ಅದು ರಕ್ತದಲ್ಲಿ ಸೋಡಿಯಂ ಇಳಿಸುತ್ತದೆ. ವಯಸ್ಸಾದವರಲ್ಲಿ ತಲೆಸುತ್ತು, ತೂರಾಟಕ್ಕೆ ಎಷ್ಟೋ ಸಲ ಕಾರಣ ಈ ಮಾತ್ರೆಯೇ ಹೊರತು ರೇಡಿಯೇಷನ್ ಅಲ್ಲ.

ಇನ್ನೊಂದು ಗೊಂದಲ ಪಾರ್ಶ್ವವಾಯುವಿನದು. ಐದನೇ ನರ ಮುಖ್ಯವಾಗಿ ಸ್ಪರ್ಶದ್ದು, ಅದರ ಜೊತೆ ಅಗಿಯುವ ಶಕ್ತಿ ಮಾತ್ರ. ಮುಖದ ಚಲನೆ ನೋಡಿಕೊಳ್ಳುವುದು ಏಳನೇ ನರ. ಆದ್ದರಿಂದ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಅದನ್ನು ‘ಹಳೇ ಗಾಮಾ ನೈಫ್’ ಲೆಕ್ಕಕ್ಕೆ ಹಾಕಿ ಕೂರಬೇಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು. ರೈಲಿಲ್ಲದ ಜಿಲ್ಲೆ ನಮ್ಮದು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಬೆಳಗಾಗಲಿ ನೋಡೋಣ ಎನ್ನುವಷ್ಟು ಸಮಯ ಇರುವುದಿಲ್ಲ.

ಇಷ್ಟು ಹೇಳಿದ್ದು ಮುಖದ ನರದ ಮಾತು. ಬೇರೆ ಬಗೆಯ ಹಠಮಾರಿ ನೋವಿಗೆ ಮಿದುಳಿನ ಒಳಗೆ ನೋವು, ಸ್ಪರ್ಶದ ಸುದ್ದಿ ಹಾದು ಹೋಗುವ ಥಲಾಮಸ್ ಎಂಬ ಭಾಗಕ್ಕೇ ರೇಡಿಯೋಸರ್ಜರಿ ಮಾಡುವುದುಂಟು. ಅಲ್ಲಿ ಪ್ರಮಾಣ ಇನ್ನೂ ಜಾಸ್ತಿ, ಸಾಮಾನ್ಯವಾಗಿ 120 ಗ್ರೇ ಮೇಲೆ. ಕೆಲವೇ ಮಿಲಿಮೀಟರ್ ಜಾಗ ಸಾಯಲಿ ಎಂದೇ ಕೊಡುವುದು. ಕೆಲವರಲ್ಲಿ ಅದು ಎಣಿಸಿದ್ದಕ್ಕಿಂತ ದೊಡ್ಡದಾಗಿ, ಸುತ್ತ ಬಾವು ಬರುತ್ತದೆ. ತಿಂಗಳುಗಳ ಮೇಲೆ ಒಂದು ಕಡೆಯ ಕೈಕಾಲಿನ ಬಲ ಕುಗ್ಗಬಹುದು, ಮಾತು ಎಡವಬಹುದು. ಆಗ ಎಂಆರ್‌ಐ ಮಾಡಿ ಸ್ಟೀರಾಯ್ಡ್ ಕೊಡುತ್ತಾರೆ, ಬಗ್ಗದಿದ್ದರೆ ಬೆವಸಿಜುಮಾಬ್ ಎಂಬ ಔಷಧವೂ ಇದೆ. ವರ್ಷಗಳ ಮೇಲೆ ಮಿದುಳಿನ ಆ ಜಾಗದಲ್ಲಿ ನೀರುಗುಳ್ಳೆ ಕಟ್ಟುವುದೂ ಇದೆ, ಅಪರೂಪಕ್ಕೆ.

ನನಗೆ ಬೇಸರವಾಗುವುದು ಒಂದೇ ವಿಷಯಕ್ಕೆ. ನೋವು ನಿಂತ ಕೂಡಲೇ ನಮ್ಮವರು ಬೆಂಗಳೂರಿನ ದಾರಿ ಮರೆಯುತ್ತಾರೆ. ಅಷ್ಟು ದೂರ, ಅಷ್ಟು ಖರ್ಚು, ಕೊಯ್ಲಿನ ಕೆಲಸ ಬೇರೆ. ನನ್ನ ಚಿಕ್ಕಮ್ಮನೂ ಹಾಗೇ ಮಾಡಿದರು. ಜೋಮು ಶುರುವಾದಾಗ ಫೈಲ್ ಹುಡುಕಿದರೆ ಮಳೆಗಾಲದ ಬೂಷ್ಟು ಹಿಡಿದು ಅರ್ಧ ಅಕ್ಷರ ಅಳಿಸಿಹೋಗಿತ್ತು. ನೀವು ಇವತ್ತೇ ಡಿಸ್ಚಾರ್ಜ್ ಚೀಟಿಯ ಫೋಟೋ ತೆಗೆದಿಡಿ. ದಿನಾಂಕ, ಯಾವ ಬದಿ, ಎಷ್ಟು ಗ್ರೇ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಎಂಆರ್‌ಐ ಸಿಡಿಯನ್ನೂ ಜೋಪಾನ ಮಾಡಿ. ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಈ ಜೋಮಿನ ವಿಷಯ ತಿಳಿಸಿ. ಅದು ಹೆಚ್ಚುತ್ತಲೇ ಹೋದರೆ ಬೇರೆ ಕಾರಣ ಇದೆಯೇ ಎಂದು ಅವರು ಮತ್ತೊಂದು ಎಂಆರ್‌ಐ ಕೇಳಬಹುದು.

ಇನ್ನು ಮೊಮ್ಮಗು. ಕೋಬಾಲ್ಟ್ ಇರುವುದು ಯಂತ್ರದೊಳಗೆ. ಕಿರಣ ಹಾದು ಹೋಗುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ. ಟಾರ್ಚಿನ ಬೆಳಕು ಬಿದ್ದ ಕೈ ಆಮೇಲೆ ಬೆಳಗುತ್ತದೆಯೇ? ಅಮ್ಮ ಆಸ್ಪತ್ರೆಯಿಂದ ಬಂದ ದಿನವೇ ಮಗುವನ್ನು ಎತ್ತಿಕೊಳ್ಳಬಹುದಿತ್ತು. ಈಗಲೇ ಕೊಡಿ. ಮಗುವಿನ ಉಗುರು ಮಾತ್ರ ಕತ್ತರಿಸಿರಲಿ, ಆ ಬಲಗಣ್ಣಿಗೆ ತಾಗದ ಹಾಗೆ.