ದವಡೆ ಹಲ್ಲಿಗೂ ಶುಗರಿಗೂ ಏನು ನಂಟು?

ಹಲ್ಲು ಉದುರಿದ ಅಜ್ಜಿಯ ತಟ್ಟೆಯನ್ನು ಒಮ್ಮೆ ಗಮನಿಸಿ. ಸೌತೆಕಾಯಿ ಹೋಳು ಹಾಗೇ ಉಳಿದಿರುತ್ತದೆ. ಕಾಳಿನ ಪಲ್ಯ ಬದಿಗೆ ಸರಿದಿರುತ್ತದೆ. ಖಾಲಿಯಾಗುವುದು ಮೆತ್ತಗಿನ ಅನ್ನ, ಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು. ಶುಗರ್ ಇರುವವರು ಯಾವುದನ್ನು ಕಡಿಮೆ ತಿನ್ನಬೇಕೋ ಅದೇ ಹೊಟ್ಟೆ ಸೇರುತ್ತದೆ. ಆಮೇಲೆ ರಿಪೋರ್ಟ್ ನೋಡಿ, "ಪಥ್ಯ ಮಾಡ್ತಿಲ್ಲ ನೀವು" ಎಂದು ಅವರನ್ನೇ ಗದರುತ್ತೇವೆ. ಇದು ಅನ್ಯಾಯ ಅಲ್ವಾ?

ಇಸ್ತಾಂಬುಲ್‌ನ ಒಂದು ಹೊರರೋಗಿ ವಿಭಾಗಕ್ಕೆ ಬರುತ್ತಿದ್ದ, ಟೈಪ್ 2 ಡಯಾಬಿಟಿಸ್ ಇರುವ 94 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಚೆನ್ನಾಗಿ ಅಗಿಯಬಲ್ಲವರ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, 7.5ರ ಆಸುಪಾಸಿನಲ್ಲಿತ್ತು. ಅಗಿಯಲು ಆಗದವರದ್ದು 9 ದಾಟಿತ್ತು. ಅದಕ್ಕೂ ಮುಂಚೆ, 2020ರಲ್ಲಿ ಒಬ್ಬ ರೋಗಿಯ ಕಥೆ ವರದಿಯಾಗಿತ್ತು. ಅಗಿಯುವುದೇ ಕಷ್ಟವಾಗಿದ್ದ ಅವರಿಗೆ ಇಂಪ್ಲಾಂಟ್ ಹಲ್ಲು, ಅಂದರೆ ದವಡೆಯ ಮೂಳೆಗೇ ತಿರುಪು ಹಾಕಿ ನಿಲ್ಲಿಸುವ ಕೃತಕ ಹಲ್ಲು, ಕೂರಿಸಿದರು. 9.1 ಇದ್ದ ಎಚ್‌ಬಿಎ1ಸಿ ಒಂದೂವರೆ ವರ್ಷದಲ್ಲಿ 6.2ಕ್ಕೆ ಇಳಿಯಿತು.

ಒಬ್ಬರ ಕಥೆಯಿಂದ ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾಗದು. ನಂಟು ಎರಡೂ ಕಡೆಯಿಂದ ಇದೆ. ಶುಗರ್ ಏರಿದರೆ ವಸಡು ಹಾಳಾಗಿ ಹಲ್ಲು ಅಲ್ಲಾಡುತ್ತದೆ. ವಸಡಿನ ಉರಿಯೂತ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ವಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುವುದನ್ನು ಹಲವು ಪ್ರಯೋಗಗಳು ತೋರಿಸಿವೆ.

ಇಲ್ಲೊಂದು ತಿರುವು ಇದೆ. 1986ರಲ್ಲಿ ಬ್ರಿಟನ್ನಿನ ಸಂಶೋಧಕರು ಅನ್ನ, ಆಲೂಗಡ್ಡೆ, ಸಿಹಿ ಮೆಕ್ಕೆಜೋಳ, ಸೇಬನ್ನು ಕೆಲವರಿಗೆ ಅಗಿಯದೆ ನುಂಗಲು ಹೇಳಿದರು. ಸಕ್ಕರೆ ಏರಿದ್ದು ಕಡಿಮೆ! ತುಣುಕು ದೊಡ್ಡದಿದ್ದರೆ ನಿಧಾನವಾಗಿ ಕರಗುತ್ತದೆ, ಅಷ್ಟೆ. (ಮುದ್ದೆ ನುಂಗುವವರು ಹಿಗ್ಗಬೇಕಾಗಿಲ್ಲ. ಅದು ಮೊದಲೇ ನುಣ್ಣಗೆ ಬೀಸಿದ ಹಿಟ್ಟು.) ಹಾಗಾದರೆ ಅಗಿಯುವುದರಿಂದ ಲಾಭ ಏನು? ನನಗೆ ಅನ್ನಿಸುವುದು ಇಷ್ಟು: ಒಂದೊಂದು ತುತ್ತನ್ನು ಎಷ್ಟು ಸಲ ಅಗಿದಿರಿ ಎನ್ನುವುದಕ್ಕಿಂತ, ಹಲ್ಲು ನಿಮಗೆ ಏನೇನು ತಿನ್ನಲು ಬಿಡುತ್ತದೆ ಎನ್ನುವುದೇ ದೊಡ್ಡ ವಿಷಯ. ನಾರು ಇರುವುದು ಕಾಳು, ಸೊಪ್ಪು, ಹಸಿ ತರಕಾರಿಯಲ್ಲಿ. ಸಕ್ಕರೆ ರಕ್ತಕ್ಕೆ ನುಗ್ಗುವ ವೇಗವನ್ನು ತಗ್ಗಿಸುವುದು ಆ ನಾರು. ಹಲ್ಲಿಲ್ಲದವರು ಮೊದಲು ಬಿಡುವುದೂ ಇವನ್ನೇ.

ಹಲ್ಲಿನ ಸೆಟ್ಟು ಹಾಕಿಸಿಕೊಂಡರೂ ಸ್ವಂತ ಹಲ್ಲಿನಷ್ಟು ಬಲ ಬರುವುದಿಲ್ಲ. ಸಡಿಲವಾದ ಸೆಟ್ಟಂತೂ ವಸಡು ಒತ್ತಿ ಗಾಯ ಮಾಡುತ್ತದೆ, ಅದನ್ನು ಮತ್ತೆ ಸರಿಮಾಡಿಸಲೇಬೇಕು. ಅಲ್ಲಿಯವರೆಗೆ ಸೌತೆಕಾಯಿ, ಕ್ಯಾರೆಟ್ ತುರಿದು, ನೆನೆದ ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಕೋಸಂಬರಿ ಮಾಡಿಕೊಡಬಹುದು. ಸೊಪ್ಪನ್ನು ಸಣ್ಣಗೆ ಹೆಚ್ಚಿ ಬೇಯಿಸಬಹುದು. ಕಾಳನ್ನು ಬೇಯಿಸಿ ಮಸೆದು ಕೊಟ್ಟರೆ ಅದೇ ಅಜ್ಜಿ ಇನ್ನೊಂದು ಸೌಟು ಕೇಳಿದರೂ ಕೇಳಬಹುದು.