ಒಂದು ಕರೆ ಕೆಟ್ಟರೆ ಇನ್ನೊಂದಕ್ಕೆ ತಾಗಬಾರದು

ಲ್ಯಾಂಡ್‌ಲೈನ್ ಕಾಲದಲ್ಲಿ ಮಾತಿನ ನಡುವೆ ಲೈನ್ ಕಟ್ ಆಗುವುದು ಮಾಮೂಲಿ. ಆದರೆ ಕಟ್ ಆಗುತ್ತಿದ್ದದ್ದು ನಮ್ಮ ಮಾತು ಮಾತ್ರ. ಅದೇ ಹೊತ್ತಿಗೆ ಪಕ್ಕದ ಮನೆಯವರು ಮಗಳ ಜೊತೆ ಮಾತಾಡುತ್ತಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟುವವರ ತಲೆಯಲ್ಲಿ ಸದಾ ಇರುತ್ತಿದ್ದದ್ದು ಇದೇ. ಸಾವಿರಾರು ಕರೆಗಳು ಒಟ್ಟಿಗೆ ನಡೆಯಬೇಕು. ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗಬಾರದು. ಈ ಚಿಂತೆಯಿಂದಲೇ ಒಂದು ಪ್ರೋಗ್ರಾಮಿಂಗ್ ಭಾಷೆ ಹುಟ್ಟಿತು. ಅದರ ಹೆಸರು ಎರ್ಲಾಂಗ್.

1986ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಲ್ಯಾಬಿನಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಇದರ ಕೆಲಸ ಶುರು ಮಾಡಿದರು. ಆಮೇಲೆ ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ ಜೊತೆಯಾದರು. ಭಾಷೆಗೆ ಇಟ್ಟದ್ದು ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಎರ್ಲಾಂಗ್ ಅವರ ಹೆಸರು. ಇಷ್ಟು ಕರೆ ಬರುವ ಎಕ್ಸ್‌ಚೇಂಜಿಗೆ ಎಷ್ಟು ಲೈನ್ ಬೇಕು ಎಂಬ ಲೆಕ್ಕವನ್ನು ನೂರು ವರ್ಷದ ಹಿಂದೆಯೇ ಹಾಕಿ ತೋರಿಸಿದವರು ಅವರು.

ಒಂದೇ ಹೊತ್ತಿಗೆ ಹಲವು ಕೆಲಸ ಮಾಡಿಸುವುದರಲ್ಲಿ ಕಷ್ಟ ಏನಿದೆ? ಎಷ್ಟೋ ಭಾಷೆಗಳಲ್ಲಿ ಇದಕ್ಕೆ ಥ್ರೆಡ್‌ಗಳಿವೆ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ಸಾಗುವ ಕೆಲಸದ ಎಳೆಗಳು. ಅವೆಲ್ಲ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ತೊಂದರೆ ಶುರುವಾಗುವುದು ಅಲ್ಲೇ. ಒಂದು ಖಾತೆಯಲ್ಲಿ 5000 ರೂಪಾಯಿ ಇದೆ ಅನ್ನಿ. ಒಂದು ಥ್ರೆಡ್ ಅದಕ್ಕೆ 1000 ಜಮಾ ಮಾಡಬೇಕು, ಇನ್ನೊಂದು 500. ಮೊದಲನೆಯದು ಖಾತೆ ನೋಡಿ 5000 ಎಂದು ಓದಿಕೊಳ್ಳುತ್ತದೆ. ಅದು ಹೊಸ ಮೊತ್ತ ಬರೆಯುವಷ್ಟರಲ್ಲಿ ಎರಡನೆಯದೂ ಬಂದು 5000 ಎಂದೇ ಓದಿರುತ್ತದೆ. ಒಂದು 6000 ಬರೆಯಿತು. ಅದರ ಮೇಲೆ ಇನ್ನೊಂದು 5500 ಬರೆಯಿತು. ಸಾವಿರ ರೂಪಾಯಿ ಹೋಯಿತು!

ಇದನ್ನು ತಡೆಯಲು ಲಾಕ್ ಹಾಕಬಹುದು. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಬಾಗಿಲಲ್ಲಿ ಕಾಯಬೇಕು. ಆದರೆ ಒಂದು ಕಡೆ ಲಾಕ್ ಮರೆತರೂ ಕಥೆ ಮುಗಿಯಿತು. ಇಬ್ಬರೂ ಒಂದೊಂದು ಲಾಕ್ ಹಿಡಿದುಕೊಂಡು, ಇನ್ನೊಬ್ಬರ ಲಾಕಿಗಾಗಿ ಕಾಯುತ್ತ ಕೂತರೆ ಇಡೀ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಇಂಥ ತಪ್ಪು ಹುಡುಕುತ್ತ ನಾನು ಎಷ್ಟೋ ರಾತ್ರಿ ಕಳೆದಿದ್ದೇನೆ. ನೂರು ಸಲ ಓಡಿಸಿದರೆ ನೂರು ಸಲವೂ ಸರಿ ಉತ್ತರ. ಮಾರನೇ ದಿನ ಜನ ಜಾಸ್ತಿ ಆದಾಗ ಮಾತ್ರ ಲೆಕ್ಕ ತಪ್ಪುತ್ತದೆ.

ಎರ್ಲಾಂಗ್‌ನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಪ್ರೋಸೆಸ್. ಪ್ರತಿ ಪ್ರೋಸೆಸ್‌ಗೂ ತನ್ನದೇ ಮೆಮೊರಿ. ಅದರೊಳಗೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಏನಾದರೂ ಹೇಳಬೇಕಿದ್ದರೆ ಕಾಗದ ಹಾಕಬೇಕು, ಅಂದರೆ ಸಂದೇಶ ಕಳಿಸಬೇಕು. ನಮ್ಮ ಖಾತೆಯೂ ಇಲ್ಲಿ ಒಂದು ಪ್ರೋಸೆಸ್. '1000 ಜಮಾ', '500 ಜಮಾ' ಎಂಬ ಎರಡು ಸಂದೇಶ ಅದರ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತವೆ. ಅದು ಒಂದನ್ನು ತೆಗೆದು 6000 ಮಾಡುತ್ತದೆ. ಆಮೇಲೆ ಇನ್ನೊಂದನ್ನು ತೆಗೆದು 6500 ಮಾಡುತ್ತದೆ. ಲಾಕ್ ಬೇಕಾಗಲೇ ಇಲ್ಲ, ಅಲ್ವಾ?

ಈ ಪ್ರೋಸೆಸ್‌ಗಳು ಬಹಳ ಹಗುರ. ಹುಟ್ಟಿದಾಗ ಒಂದಕ್ಕೆ ಬೇಕಾದ ಮೆಮೊರಿ 3 ಕೆಬಿಗಿಂತ ಕಡಿಮೆ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಲಕ್ಷ ಪ್ರೋಸೆಸ್ ಹುಟ್ಟಿಸಬಹುದು. ಯಾರೂ ಜಾಗ ಹಿಡಿದುಕೊಂಡು ಕೂರದಂತೆ ಸರದಿ ಹಂಚುವ ಶೆಡ್ಯೂಲರ್ ನೋಡಿಕೊಳ್ಳುತ್ತದೆ. ಒಂದು ಪ್ರೋಸೆಸ್ ಸುಮಾರು 4000 ಫಂಕ್ಷನ್‌ಗಳನ್ನು, ಅಂದರೆ ಪ್ರೋಗ್ರಾಮಿನ ಸಣ್ಣ ತುಂಡುಗಳನ್ನು, ಓಡಿಸಿದಷ್ಟು ಕೆಲಸ ಮಾಡಿತೋ, ಅದನ್ನು ಪಕ್ಕಕ್ಕೆ ಸರಿಸಿ ಮುಂದಿನದಕ್ಕೆ ಸರದಿ ಕೊಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇದರ ಇನ್ನೊಂದು ಗುಣ. ತಪ್ಪಾದರೆ ಆ ಪ್ರೋಸೆಸ್ ಸಾಯಲಿ, ಬಿಡಿ ಎನ್ನುತ್ತದೆ ಎರ್ಲಾಂಗ್. ಹಾಳಾದ ಲೆಕ್ಕವನ್ನು ತೇಪೆ ಹಾಕಿ ಮುಂದೆ ತಳ್ಳುವುದು ಜಾಸ್ತಿ ಅಪಾಯ. ಪ್ರೋಸೆಸ್‌ಗಳ ಮೇಲೆ ಕಣ್ಣಿಡಲು ಸೂಪರ್‌ವೈಸರ್ ಎಂಬ ಇನ್ನೊಂದು ಪ್ರೋಸೆಸ್ ಇರುತ್ತದೆ. ಒಂದು ಸತ್ತ ಕೂಡಲೇ ಅದಕ್ಕೆ ಸುದ್ದಿ ಹೋಗುತ್ತದೆ. ಅದು ಅದೇ ಕೆಲಸಕ್ಕೆ ಹೊಸ ಪ್ರೋಸೆಸ್ ಹುಟ್ಟಿಸುತ್ತದೆ. ಹೊಸದು ಚೊಕ್ಕಟವಾಗಿ ಮೊದಲಿನಿಂದ ಶುರು ಮಾಡುತ್ತದೆ. ಮೆಮೊರಿ ಬೇರೆ ಬೇರೆ ಇರುವುದರಿಂದ ಸತ್ತದ್ದರ ಕೊಳೆ ಯಾರಿಗೂ ಅಂಟುವುದಿಲ್ಲ. ಹಂಚಿಕೊಂಡ ಮೆಮೊರಿಯಲ್ಲಿ ಇಷ್ಟು ಧೈರ್ಯವಾಗಿ ಸಾಯಲು ಬಿಡುವುದು ಸಾಧ್ಯವೇ ಇಲ್ಲ.

ವಿಶೇಷ ಏನೆಂದರೆ, ಮೊದಲ 20 ವರ್ಷ ಇವೆಲ್ಲ ನಿಜಕ್ಕೂ ಒಟ್ಟಿಗೆ ಓಡುತ್ತಿರಲಿಲ್ಲ. ಒಂದು ಯಂತ್ರದ ಒಂದೇ ಪ್ರೊಸೆಸರ್ ಮೇಲೆ ಸರದಿಯಂತೆ ಓಡುತ್ತಿದ್ದವು. ಅಷ್ಟರಲ್ಲಿ ಚಿಪ್‌ಗಳ ವೇಗ ಏರುವುದು ನಿಂತು, ಒಂದೇ ಚಿಪ್ಪಿನಲ್ಲಿ ಹಲವು ಕೋರ್‌ಗಳು, ಅಂದರೆ ಹಲವು ಪ್ರೊಸೆಸರ್‌ಗಳು, ಬಂದವು. 2006ರಲ್ಲಿ ಎರ್ಲಾಂಗ್ ಕೂಡ ಬದಲಾಯಿತು. ಕೋರ್‌ಗೊಂದು ಶೆಡ್ಯೂಲರ್ ಬಂತು. ಹಳೆಯ ಪ್ರೋಗ್ರಾಂಗಳಲ್ಲಿ ಬಹಳಷ್ಟು ಹೆಚ್ಚೇನೂ ತಿದ್ದದೆ ಎಲ್ಲ ಕೋರ್‌ಗಳ ಮೇಲೂ ಓಡಿದವು. ಅವನ್ನು ಬರೆದವರು ಕೆಲಸವನ್ನು ಮೊದಲೇ ಬಿಡಿಬಿಡಿಯಾಗಿ ಒಡೆದಿಟ್ಟಿದ್ದರಲ್ಲ! ಉಳಿದ ಭಾಷೆಗಳವರು ಲಾಕ್‌ಗಳ ಜೊತೆ ಗುದ್ದಾಡುತ್ತಿದ್ದ ಕಾಲ ಅದು.

ಹಾಗೆಂದು ಎಲ್ಲ ಕೆಲಸಕ್ಕೂ ಇದು ಸರಿ ಎನ್ನಲಾರೆ. ಭಾರೀ ಲೆಕ್ಕ, ಚಿತ್ರ ಸಂಸ್ಕರಣೆಯಂಥ ಕೆಲಸಗಳಲ್ಲಿ ಇದು ನಿಧಾನ. ಸಂದೇಶವನ್ನು ಪ್ರತಿ ಮಾಡಿ ಕಳಿಸಬೇಕಾದ್ದರಿಂದ ಅದಕ್ಕೂ ಸಮಯ ಹೋಗುತ್ತದೆ. ಎಲ್ಲರೂ ಒಂದೇ ಪ್ರೋಸೆಸ್‌ಗೆ ಕಾಗದ ಹಾಕುತ್ತಿದ್ದರೆ ಅದರ ಅಂಚೆಪೆಟ್ಟಿಗೆ ತುಂಬಿ ತುಳುಕುತ್ತದೆ. ಆಗ ಎಷ್ಟು ಕೋರ್ ಇದ್ದರೂ ಸುಮ್ನೆ.

1998ರಲ್ಲಿ ಎರಿಕ್ಸನ್‌ನ ಒಂದು ವಿಭಾಗವೇ ಹೊಸ ಉತ್ಪನ್ನಗಳಿಗೆ ಎರ್ಲಾಂಗ್ ಬೇಡ ಎಂದಿತು. ಅದೇ ಡಿಸೆಂಬರಿನಲ್ಲಿ ಕಂಪನಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಹಾಗೆ ಕೊಟ್ಟಿದ್ದರಿಂದ ಅದು ಮುಂದೆ ವಾಟ್ಸಾಪ್ ಕಟ್ಟಿದವರ ಕೈಗೆ ಸಿಕ್ಕಿತು. 2012ರ ಜನವರಿಯಲ್ಲಿ, ತಮ್ಮ ಒಂದೇ ಸರ್ವರ್ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ಹಿಡಿದು ನಿಂತಿದೆ ಎಂದು ಅವರು ಹೇಳಿದರು. ಅಲ್ಲಿ ಒಬ್ಬೊಬ್ಬರ ಸಂಪರ್ಕಕ್ಕೂ ಒಂದೊಂದು ಪ್ರೋಸೆಸ್. ಬಸ್ಸು ಘಾಟಿ ಇಳಿಯುವಾಗ ಸಿಗ್ನಲ್ ಹೋದರೆ ಆ ಒಂದು ಪ್ರೋಸೆಸ್ ಸಾಯುತ್ತದೆ. ಸಿಗ್ನಲ್ ಬಂದಾಗ ಹೊಸದೊಂದು ಹುಟ್ಟುತ್ತದೆ. ಅದೇ ಸರ್ವರಿನಲ್ಲಿರುವ ಉಳಿದ ಲಕ್ಷಾಂತರ ಜನರ ಮಾತು ನಡೆದೇ ಇರುತ್ತದೆ.